ಎಲ್ಲರ ಪಾಲಿನ ಮಜ್ಜಿಗೆ

ಈ ಔಷಧಿ ನಿಲ್ಲಿಸೋಣ ಎಂದರು ಡಾಕ್ಟರ್ ವಿಷ್ಣುಪ್ರಸಾದ. ಶಿವಮೊಗ್ಗದ ಅವರ ಕ್ಲಿನಿಕ್ಕಿನಲ್ಲಿ ನಾನು, ಅಮ್ಮ ಅಕ್ಕಪಕ್ಕ ಕುಳಿತಿದ್ದೆವು.

ನನಗೆ ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆಯೊಳಗೆ ಯಾರೋ ಸ್ಕ್ರೂ ತಿರುಗಿಸುತ್ತಾರೆ. ಮೊದಲು ಕೊಟ್ಟ ಮಾತ್ರೆ ಮೈಗೆ ಒಗ್ಗಲಿಲ್ಲ. ಆಮೇಲೆ ಬಂದದ್ದು ಗ್ಲುಟಮಿನ್ ಎಂಬ ಅಮೈನೊ ಆಮ್ಲದ ಪುಡಿ, ಬೆಳಿಗ್ಗೆ ಮತ್ತು ಸಂಜೆ. ನೋವು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಶಂಕರಘಟ್ಟದಲ್ಲಿ ನನ್ನ ಎಂ.ಎ. ಪರೀಕ್ಷೆ ನಡೆಯುವಾಗ ನಾನು ಭದ್ರಾವತಿಯಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದೆ. ಇದೂ ಕೈಕೊಟ್ಟರೆ ಉಳಿಯುವುದು ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವುದು.

"ಅಕ್ಷಯಾ, ಬಿಡದೆ ತಗೋತಿದೀಯ ತಾನೆ?"

"ಒಂದು ಹೊತ್ತೂ ಬಿಟ್ಟಿಲ್ಲ ಸರ್."

"ನಾನೇ ಮಜ್ಜಿಗೆಗೆ ಹಾಕಿ ಕೊಡ್ತೀನಲ್ಲ ಸರ್" ಎಂದಳು ಅಮ್ಮ. "ಮನೇಲಿ ಎಲ್ಲರಿಗೂ ಹಿಡಿಸಿದೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಎಲ್ಲರಿಗೂ ಅಂದ್ರೆ?"

"ಇವಳಪ್ಪ, ಇವಳ ತಮ್ಮ ಕಾಂತರಾಜ. ಪಕ್ಕದ ಮನೆ ಭವಾನೀನೂ ಆ ಹೊತ್ತಿಗೇ ಬರ್ತಾಳೆ. ಪುಡೀನ ದೊಡ್ಡ ಪಾತ್ರೆಗೆ ಹಾಕಿ ಕಡೆದು ಒಂದೊಂದು ಲೋಟ ಕೊಡೋದು. ಇವಳದು ಮೊದಲೇ ಬಡಕಲು ಮೈ. ಇವಳೊಬ್ಬಳಿಗೇ ಕೊಟ್ರೆ ಕಣ್ಣು ಬೀಳಲ್ವಾ ಸರ್?"

ನನ್ನ ಲೋಟದಲ್ಲಿ ಮಾತ್ರ ಪುಡಿ ಇದೆ ಎಂದುಕೊಂಡಿದ್ದೆ. ಮೀಸೆ ಒರೆಸಿಕೊಳ್ಳುವ ಕಾಂತರಾಜ, ಇನ್ನರ್ಧ ಲೋಟ ಕೇಳುವ ಭವಾನಿ. ಇಬ್ಬರೂ ಕಣ್ಣ ಮುಂದೆ ಬಂದರು. ಅಮ್ಮ ಇನ್ನೂ ಮುಗುಳ್ನಗುತ್ತಿದ್ದಳು.

"ಇದು ಇವಳಿಗೆ ಕೆಲಸ ಮಾಡುತ್ತೋ ಇಲ್ವೋ, ನಮಗಿನ್ನೂ ಗೊತ್ತೇ ಇಲ್ಲಮ್ಮಾ" ಎಂದರು ಡಾಕ್ಟರ್ ನಿಧಾನವಾಗಿ. "ಊರಿಗೆಲ್ಲ ಹಂಚಿದೀರಿ. ಪೂರ್ತಿ ಪುಡಿ ಇವಳ ಹೊಟ್ಟೆಗೇ ಹೋಗ್ಲಿ. ಕೆಲವು ತಿಂಗಳು ನೋಡೋಣ. ಆಮೇಲೆ ರಕ್ತದ ಮಾತು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಹೇಳಿದಳು: "ಎಲ್ಲರಿಗಿಂತ ನಿನ್ನ ಲೋಟಾನೇ ದೊಡ್ಡದಿತ್ತು ಮಾರಾಯ್ತಿ."

ಸಂಜೆ ಅವಳು ಒಂದೇ ಲೋಟ ತೆಗೆದಳು. ಅಪ್ಪನನ್ನೂ ತಮ್ಮನನ್ನೂ ಹೊರಗೆ ನಿಲ್ಲಲು ಹೇಳಿದಳು.

"ನಮ್ಮನ್ನೇನು ಕಳ್ಳರು ಅಂದ್ಕೊಂಡಿದೀಯಾ?" ಎಂದು ಕಾಂತರಾಜ ನಕ್ಕ.

"ಇಷ್ಟು ದಿನ ಅಕ್ಕನ ಔಷಧಿ ಕುಡಿದಿದ್ದು ಸಾಕು, ಹೋಗೋ."

ಅವನ ನಗೆ ಅಲ್ಲೇ ನಿಂತಿತು. ನನ್ನತ್ತ ನೋಡಿದ, ಏನೋ ಕೇಳಹೊರಟ, ಅಪ್ಪ ಅವನ ತೋಳು ಹಿಡಿದು ಹೊರಗೆ ಕರೆದೊಯ್ದ. ಅಮ್ಮ ಬಾಗಿಲು ಹಾಕಿದಳು. ಲೋಟ ನನ್ನ ಕೈಗಿಟ್ಟು, ತಾನೂ ಗೋಡೆಗೆ ಮುಖ ಮಾಡಿ ನಿಂತಳು. ತನ್ನ ಕಣ್ಣೂ ಬೀಳಬಾರದು.

ಕುಡಿದೆ. ಪುಡಿ ನಾಲಿಗೆಗೆ ಸಣ್ಣ ಮರಳಿನಂತೆ ಸಿಕ್ಕಿತು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

"ತಳದಲ್ಲಿ ಉಳಿದಿದ್ರೆ ನೀರು ಹಾಕ್ಕೊಂಡು ಕುಡಿಯೇ" ಎಂದಳು ಅಮ್ಮ, ಗೋಡೆಗೆ.