ದೋಸೆಹಿಟ್ಟಿಗೆ ಬಂದ ಲೋಳೆ ಬೂಷ್ಟು

ಗುಡ್ಡ ಜರಿದು ಬೆಳ್ತಂಗಡಿಯ ಆ ಕಾಡು ಅರ್ಧಕ್ಕರ್ಧ ಹೊಳೆ ಪಾಲಾಗಿ ಆರು ವರ್ಷ. ಬಿದ್ದ ಮರಗಳ ಮೇಲೆ ಈಗ ಸ್ಲೈಮ್ ಮೋಲ್ಡ್ ಅನ್ನುವ ಲೋಳೆ ಬೂಷ್ಟಿನದ್ದೇ ರಾಜ್ಯಭಾರ: ಹಳದಿಯದ್ದು, ಗುಲಾಬಿಯದ್ದು, ಸಾಸಿವೆ ಚೆಲ್ಲಿದ ಹಾಗಿನದ್ದು. ಯಾವ್ಯಾವುದು ತಾನಾಗಿ ವಾಪಸ್ ಬಂದಿದೆ ಅಂತ ಪಟ್ಟಿ ಮಾಡುವವಳು ದೀಪಶ್ರೀ. ಮೂಡುಬಿದಿರೆ ಕಾಲೇಜಿನಲ್ಲಿ ಅವಳ ಪಿಎಚ್‌ಡಿ ನಿಂತದ್ದೇ ಆ ಪಟ್ಟಿಯ ಮೇಲೆ. ಇಲ್ಲಿವರೆಗೆ ಇಪ್ಪತ್ತೊಂದು.

ಇಪ್ಪತ್ತೆರಡನೆಯದ್ದು ತಮ್ಮ ಅಶ್ವಿತನ ಕಾಣಿಕೆ. ಪಾಣೆಮಂಗಳೂರಿಂದ ಅಕ್ಕನನ್ನು ಬೈಕಿನಲ್ಲಿ ಕರಕೊಂಡು ಬರುವವನಿಗೆ ಕಾಡಲ್ಲಿ ಬೋರು. ಅಮ್ಮನ ಉದ್ದಿನ ದೋಸೆಹಿಟ್ಟಿಗೆ ಕೇಸರಿಬಾತಿನ ಬಣ್ಣ ಕಲಸಿ ತಂದು, ಅವಳು ಆಚೆ ತಿರುಗಿದಾಗ ದಿಮ್ಮಿಗೆ ಬಳಿದ.

"ಮುಟ್ಟಬೇಡ, ಇನ್ನೂ ಬಲಿಯಬೇಕು!" ಅಂತ ಅದನ್ನು ಕಂಡವಳೇ ಹೊಸ ಬೂಷ್ಟೆಂದು ಕುಣಿದಳು. ಫೋಟೊ ಅವಳ ಪಿಎಚ್‌ಡಿ ಗೈಡ್ ಅಬ್ದುಲ್ ಮಜೀದ್ ಸರ್‌ಗೆ ಹೋಗಿಯೂ ಆಯ್ತು. "ನಾಳೆ ಸರ್ರೇ ಬರ್ತಾರೆ ಮಾರಾಯ!"

ಅಶ್ವಿತನ ನಗು ಕಾವಲಿಗೆ ಅಂಟಿದ ದೋಸೆಯ ಹಾಗೆ ಗಂಟಲಿಗೆ ಅಂಟಿತು.

ಮರುದಿನ ಬೆಳಕು ಹರಿಯುವಾಗಲೇ ಒಬ್ಬನೇ ಬಂದ, ತೊಳೆಯಲಿಕ್ಕೆ ನೀರಿನ ಬಾಟ್ಲಿ ಹಿಡಿದು. "ಈ ಅಶ್ವಿತ್ ಬರೆದ ಕಥೆಗೆ ಅಶ್ವಿತನೇ ಕ್ಲೈಮ್ಯಾಕ್ಸ್!" ಅಂತ ಕಾಡು ತುಂಬಿದ ಮಂಜಿಗೆ ಡೈಲಾಗ್ ಹೊಡೆದ. ಮಂಜು ಚಪ್ಪಾಳೆ ತಟ್ಟಲಿಲ್ಲ.

ದಿಮ್ಮಿಯಲ್ಲಿ ಹಿಟ್ಟು ಅರ್ಧ ಇರಲಿಲ್ಲ. ತೊಗಟೆಯ ಬಿರುಕಿನಿಂದ ಹಾಲಿನ ಬಣ್ಣದ ನಿಜದ ಲೋಳೆ ಬೂಷ್ಟೊಂದು ಬಲೆಯಾಗಿ ಹೊರಟು, ಹಿಟ್ಟಿನ ಮೇಲೆ ಹರಡಿ, ತಿಂದ ಬಣ್ಣದಿಂದ ನರನರವೆಲ್ಲ ಕೇಸರಿಯಾಗಿತ್ತು. ಕಣ್ಣು ಮಿಟುಕಿಸಿದರೆ ಅಲ್ಲೇ ಉಂಟು. ಒಂದು ಹಕ್ಕಿ ಕೂಗಿ ಮುಗಿಸುವಷ್ಟರಲ್ಲಿ ಕೂದಲೆಳೆಯಷ್ಟು ಮುಂದೆ. ಕಾಲಿಲ್ಲ, ಬಾಯಿಲ್ಲ, ಅವಸರ ಮೊದಲೇ ಇಲ್ಲ. ಜರಿದ ಗುಡ್ಡವೇ ಕನಸಿನಲ್ಲಿ ಎದ್ದು ಮೆಲ್ಲ ಮನೆಗೆ ನಡೆದ ಹಾಗೆ. ಬಾಟ್ಲಿಯ ಮುಚ್ಚಳ ತೆಗೆಯುವುದೇ ಅವನಿಗೆ ಮರೆತುಹೋಯಿತು.

ಅಕ್ಕನನ್ನು ಕೂರಿಸಿಕೊಂಡು ಸರ್ ಜೀಪು ಬಂತು. ಸರ್ ಮೊಣಕಾಲೂರಿ ಲೆನ್ಸಿನಲ್ಲಿ ನೋಡಿದರು. "ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು, ದೀಪಶ್ರೀ. ಸೇರಿಸಿ."

ಸುಮ್ಮನಿದ್ದಿದ್ದರೆ ಮುಗಿದಿತ್ತು. ಅಕ್ಕನ ಮುಖ ದೀಪ ಹಚ್ಚಿದ ಹಾಗಿತ್ತು.

"ಸರ್," ಅಶ್ವಿತ್ ಅಂದ, "ಇದು ತಾನಾಗಿ ಬಂದದ್ದಲ್ಲ. ದೋಸೆಹಿಟ್ಟು ಹಾಕಿ ನಾನು ಕರೆದದ್ದು. ನಿನ್ನೆಯ ಫೋಟೊ ಬರೀ ಹಿಟ್ಟು."

"ಮಂಗ!" ಅಂದಳು ದೀಪಶ್ರೀ.

ಸರ್ ಕನ್ನಡಕ ಒರೆಸಿಕೊಂಡರು. "ಊಟ ಹಾಕಿ ಕರೆದ ನೆಂಟರು ಲೆಕ್ಕಕ್ಕಿಲ್ಲಮ್ಮ."

ಅವಳು ಇಪ್ಪತ್ತೆರಡಕ್ಕೆ ಗೀಟು ಎಳೆದಳು. ಸರ್ ಜೀಪಿನತ್ತ ಇಳಿದರು. ಅವಳು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ದಿಮ್ಮಿಯ ಹತ್ತಿರ ಬಂದು ಕೂತಳು, ಅವನ ಮುಖ ನೋಡದೆ.

"ಎಷ್ಟು ದೂರ ಬಂತು?"

"ಬೆಳಿಗ್ಗೆಯಿಂದ ಎರಡು ಬೆರಳು."

"ಇನ್ನೊಂದು ಬೆರಳು ಹೋಗ್ಲಿ," ಅಂದಳು. "ಮತ್ತೆ ಹೊರಡುವ."