ಮಾಂಸದಂಗಡಿಯ ತಿರುಗುಮಾತು

ಲಂಡನ್ನಿನ ವಾಲ್ವರ್ತ್ ಬೀದಿಯಲ್ಲಿದ್ದ ಪರ್ಕಿಸ್‌ನ ಮಾಂಸದಂಗಡಿಯಲ್ಲಿ ಇಂಗ್ಲಿಷ್ ಪದಗಳನ್ನು ಬಾಲ ಹಿಡಿದು ಎತ್ತಿ ಹಿಂದುಮುಂದಾಗಿ ಆಡುತ್ತಿದ್ದರು. ಗುಡ್ ಅಲ್ಲಿ ಡೂಗ್, ಓಲ್ಡ್ ಅಲ್ಲಿ ಡಿಲೋ. ಗಿರಾಕಿಯ ಎದುರೇ ಯಜಮಾನ ರಾಗವಾಗಿ ಹೇಳಬೇಕು, ಕೆಲಸದವನು ಮುಖ ಅಲುಗದಂತೆ ಕೇಳಿಸಿಕೊಳ್ಳಬೇಕು, ಅರ್ಥವನ್ನು ಮಾತ್ರ ಯಾರಿಗೂ ಬಿಡಿಸಿ ಹೇಳಕೂಡದು. ಮಾರಾಟದ ಕಟ್ಟೆಯ ಕಟ್ಟಳೆ ಅಷ್ಟೇ.

ಡೆನ್ನಿ ಸ್ಕಾರೆಟ್‌ಗೆ ಆ ಮಾತು ನೀರು ಕುಡಿದಷ್ಟು ಸಲೀಸು. ಶಾಲೆಯಲ್ಲಿ ಅವನನ್ನು ಕೊರಡು ಎಂದು ಹಿಂದಿನ ಬೆಂಚಿಗೆ ತಳ್ಳಿದ್ದರು. ಇಲ್ಲಿ ಅವನಷ್ಟು ಚುರುಕಾಗಿ ಪದ ಮಗುಚುವವನು ಇಡೀ ಬೀದಿಯಲ್ಲಿ ಇರಲಿಲ್ಲ. ಸೋಮವಾರದಿಂದ ಗಿರಾಕಿಗಳೆದುರಿನ ಮುಂದಿನ ಕಟ್ಟೆ ಅವನದೇ ಎಂದು ಪರ್ಕಿಸ್ ಮಾತು ಕೊಟ್ಟಿದ್ದ. ಹಿಂದಿನ ಕೋಣೆಯಲ್ಲಿ ಮೂಳೆ ಕೊಚ್ಚಿದ್ದು ಸಾಕು. ಇನ್ನು ತಲೆಗೆ ಕಟ್ಟೆಯವರು ತೊಡುವ ಹುಲ್ಲಿನ ಹ್ಯಾಟು, ಎದೆಯುಬ್ಬಿಸಿ ವ್ಯಾಪಾರ.

ಆ ಮಾತು ಹುಟ್ಟಿದ್ದು ಹೇಗೆಂದು ಅವನಿಗೆ ಅಜ್ಜ ಹೇಳಿದ್ದ. ಹಿಂದೆ ತಳ್ಳುಗಾಡಿಯವರನ್ನು ಪೊಲೀಸರು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ. ಗಾಡಿಯವರು ಪೊಲೀಸ್ ಎಂಬ ಪದವನ್ನೇ ಹಿಂದುಮುಂದು ಮಾಡಿ, ಬಾಯಲ್ಲಿ ಸವೆಸಿ ಸ್ಲಾಪ್ ಮಾಡಿದರು. ಸ್ಲಾಪ್ ಬಂದ ಎಂದು ಒಬ್ಬ ಕೂಗಿದರೆ ಸಾಕು, ಗಾಡಿಗಳೆಲ್ಲ ಮಾಯ. ಬಾಯ್ ಎಂಬುದು ಮಗುಚಿ ಯಾಬ್ ಆಯಿತು. ಇವತ್ತು ಬಂಗಲೆಯವರೂ ಪುಂಡ ಹುಡುಗರನ್ನು ಬೈಯಲು ಅದನ್ನೇ ಬಳಸುತ್ತಾರೆ, ಯಾರ ಬಾಯಿಂದ ಬಂತೆಂದು ತಿಳಿಯದೆ. ಬಡವರು ತಮ್ಮನ್ನು ತಾವು ಉಳಿಸಿಕೊಳ್ಳಲು ಕಟ್ಟಿದ ಮಾತು. ಡೆನ್ನಿಗೆ ಅದರ ಮೇಲೆ ಹೆಮ್ಮೆ.

ಆ ಶನಿವಾರ ಮುಂದಿನ ಕಟ್ಟೆಯವನಿಗೆ ಜ್ವರ. ಪರ್ಕಿಸ್ ಡೆನ್ನಿಯನ್ನೇ ಮುಂದಕ್ಕೆ ಕರೆದ. ಭಾನುವಾರದ ಊಟದ ಮಾಂಸಕ್ಕಾಗಿ ಹೆಂಗಸರ ಸಾಲು ಬಾಗಿಲು ದಾಟಿತ್ತು. ಜಮೈಕಾದಿಂದ ಬಂದು ಬೀದಿಯ ತುದಿಯಲ್ಲಿ ಮನೆ ಹಿಡಿದಿದ್ದ ವರ್ನಾ ಪಿನ್ನಕ್ ಕುರಿಯ ತೊಡೆ ಕೇಳಿದಳು.

ಪರ್ಕಿಸ್ ಅವಳತ್ತ ನೋಡದೆಯೇ ರಾಗ ಎಳೆದ. "ಡೆನ್ನೀ, ಅಮ್ಮೋರಿಗೆ ಡಿಲೋ ಕಟ್ಟಪ್ಪಾ, ಡಿಲೋ!"

ಅವನು ಕಟ್ಟು ಎಂದದ್ದು ಮಂಗಳವಾರದಿಂದ ಬಣ್ಣಗೆಟ್ಟು ಕೂತಿದ್ದ ತೊಡೆ. ಹಿಂದಿನ ಕೋಣೆಯಲ್ಲಿ ಇದೇ ರಾಗ ಕೇಳುವಾಗ ಅದು ಆಟವಾಗಿತ್ತು. ತಿನ್ನುವವರ ಮುಖ ಅಲ್ಲಿಂದ ಕಾಣುತ್ತಿರಲಿಲ್ಲ. ಡೆನ್ನಿಯ ಕೈ ತಡೆಯಿತು.

"ಏನಂದ್ರು ನಿಮ್ ಯಜಮಾನ್ರು?" ವರ್ನಾ ಕೇಳಿದಳು.

"ಏನಿಲ್ಲ ಬಂಗಾರಾ, ಅಂಗಡಿ ಮಾತು," ಪರ್ಕಿಸ್ ನಕ್ಕ.

"ನಿಮ್ಮನ್ನ ಕೇಳ್ಲಿಲ್ಲ." ಅವಳು ಡೆನ್ನಿಯತ್ತ ತಿರುಗಿದಳು. "ಪೊಲೀಸ್ನೋರ ಮುಂದೆ ನಾವೂ ನಮ್ಮೂರಲ್ಲಿ ಬೇರೆ ಮಾತು ಆಡ್ತಿದ್ವಿ ತಮ್ಮಾ. ನಂಗೆ ಗುಟ್ಟಿನ ವಾಸನೆ ಹತ್ತತ್ತೆ. ಹೇಳು, ನಾನೇನು ಪೊಲೀಸಾ?"

ಹೇಳಿದರೆ ಸೋಮವಾರದ ಕಟ್ಟೆ ಹೋಯಿತು. ಡೆನ್ನಿಗೆ ಅದು ಗೊತ್ತಿತ್ತು. ಆದರೂ ಆ ತೊಡೆಯನ್ನು ಪಕ್ಕಕ್ಕೆ ತಳ್ಳಿದ.

"ಡಿಲೋ ಅಂದ್ರೆ ಹಳೇದು, ಅಕ್ಕಾ. ಮಂಗಳವಾರದ ಮಾಲು ನಿಮ್ ತಲೆಗೆ ಕಟ್ಟು ಅಂತಿದಾರೆ."

ಸಾಲಿನಲ್ಲಿದ್ದ ಫ್ಲಾರಿ ಹ್ಯಾಗರ್, ಆ ಅಂಗಡಿಯ ಹಳೆಯ ಗಿರಾಕಿ, ಮುಂದಕ್ಕೆ ನುಗ್ಗಿದಳು. "ಏನಂದೆ? ಡಿಲೋ ಅಂದ್ರೆ ಒಳ್ಳೇ ತುಂಡು ಅಲ್ವಾ? ನಾನೇ ಬಾಯ್ಬಿಟ್ಟು ಕೇಳ್ತಿದ್ನಲ್ಲೋ, ನಂಗೂ ಡಿಲೋನೇ ಕೊಡು ಅಂತ!"

"ಕೇಳಿದ್ದನ್ನೇ ಕೊಟ್ಟಿದಾರೆ ಅಜ್ಜೀ," ಅಂದ ಡೆನ್ನಿ.

ಯಾರೋ ಕಿಸಕ್ಕನೆ ನಕ್ಕರು. ಫ್ಲಾರಿ ನಗಲಿಲ್ಲ. "ನನ್ ಗಂಡ ಸಾಯೋವರೆಗೂ ನನ್ ಅಡುಗೇನ ಬೈದನಲ್ಲೋ, ಕಳ್ಳ ನನ್ಮಗನೇ!" ಎಂದು ಪರ್ಕಿಸ್‌ನತ್ತ ಕೈಚೀಲ ಬೀಸಿದಳು. ಸಾಲಿನ ಉದ್ದಕ್ಕೂ ಗುಸುಗುಸು ಎದ್ದಿತು. ತಮ್ಮ ತಮ್ಮ ಪಾಲಿಗೆ ಯಾವ ರಾಗ ಬಂದಿತ್ತೆಂದು ಒಬ್ಬೊಬ್ಬರೂ ನೆನಪಿಸಿಕೊಳ್ಳುತ್ತಿದ್ದರು.

"ಬಿಚ್ಚೋ ಏಪ್ರನ್ನು!" ಪರ್ಕಿಸ್ ಕಿರುಚಿದ. "ಕಟ್ಟೆ ಬೇಕಂತೆ ಇವನಿಗೆ! ಈ ಬೀದೀಲಿ ಯಾವನು ಕೆಲಸ ಕೊಡ್ತಾನೋ ನೋಡ್ತೀನಿ."

"ನೋಡ್ತಾ ಇರಿ. ಪೊಲೀಸರಿಂದ ತಪ್ಪಿಸ್ಕೊಳ್ಳೋಕೆ ಅಂತ ಕಟ್ಟಿದ ಮಾತನ್ನ ಹೆಂಗಸರ ಹೊಟ್ಟೆಗೆ ಇಳಿಸ್ತಾ ಇದೀರಲ್ಲ, ಥೂ!" ಡೆನ್ನಿ ಏಪ್ರನ್ನನ್ನು ತಕ್ಕಡಿಯ ಮೇಲೆ ಎಸೆದ. ತನ್ನ ಸ್ವಂತ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೆಟ್ಟಗೆ ರಸ್ತೆ ದಾಟಿದ.

ಎದುರಿನ ಮಾಂಸದಂಗಡಿ ಸ್ಟರ್ಮರ್‌ನದು. ಅವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕೆಲಸ ಬೇಕು," ಅಂದ ಡೆನ್ನಿ. "ಮುಂದಿನ ಕಟ್ಟೇಲೇ. ನೇರ ಮಾತಲ್ಲೇ ಮಾರ್ತೀನಿ, ಈಗ್ಲೇ ಹೇಳಿದೀನಿ."

"ನಮ್ಮಲ್ಲೂ ಆ ಮಾತು ನಡೆಯತ್ತಲ್ಲಪ್ಪಾ, ನಮ್ಮಪ್ಪನ ಕಾಲದಿಂದ," ಸ್ಟರ್ಮರ್ ಗದ್ದ ಕೆರೆದುಕೊಂಡ.

"ಇನ್ನು ನಡೆಯಲ್ಲ."

ಸ್ಟರ್ಮರ್ ಅವನ ಹೆಗಲಾಚೆ ನೋಡಿದ. ಮುಂದೆ ವರ್ನಾ, ಅವಳ ಹಿಂದೆ ಫ್ಲಾರಿ, ಅವರ ಹಿಂದೆ ಇಡೀ ಸಾಲು ಚೀಲಗಳನ್ನು ಬಗಲಿಗೇರಿಸಿಕೊಂಡು ರಸ್ತೆ ದಾಟುತ್ತಿತ್ತು. ಅವನು ಮೊಳೆಯಲ್ಲಿದ್ದ ಏಪ್ರನ್ ಕಿತ್ತು ಡೆನ್ನಿಯ ಎದೆಗೆ ಎಸೆದ.

"ಬೇಗ ಕಟ್ಕೊಳೋ, ಬಂದೇ ಬಿಟ್ರು!"