ದ್ಯಾಮವ್ವನ ಎದುರು ಕೂತ ರಟ್ಟು

ನಾನು ಒಂದು ರಟ್ಟು. ಪರೀಕ್ಷೆ ಬರೆಯುವವರು ಹಾಳೆಯ ಕೆಳಗೆ ಇಟ್ಟುಕೊಳ್ಳುತ್ತಾರಲ್ಲ, ತಲೆಯ ಮೇಲೆ ಕಬ್ಬಿಣದ ಕ್ಲಿಪ್ಪು ಹೊತ್ತ ಹಲಗೆ, ಅದೇ. ಹುಬ್ಬಳ್ಳಿಯ ಒಂದು ಸಣ್ಣ ಶೆಡ್ಡಿನಲ್ಲಿ ನನ್ನನ್ನು ಕೊಯ್ದು, ಅಂಚು ಉಜ್ಜಿ, ಕ್ಲಿಪ್ಪು ಬಡಿದರು. ಜನ ನನ್ನನ್ನು ಮೇಲಿನಿಂದ ನೋಡುತ್ತಾರೆ, ನಾನು ಅವರನ್ನು ಕೆಳಗಿನಿಂದ ನೋಡುತ್ತೇನೆ. ಬರೆಯುವವರ ಮುಖವನ್ನು ಕೆಳಗಿನಿಂದ ನೋಡುವವನಿಗೆ ಯಾವ ಗುಟ್ಟೂ ಉಳಿಯುವುದಿಲ್ಲ.

ಗದಗಿನ ಅಂಗಡಿಯಿಂದ ನನ್ನನ್ನು ಕೊಂಡವಳು ಸುವರ್ಣಾ. ಹತ್ತನೇ ತರಗತಿಯ ಪರೀಕ್ಷೆಗೆ ಹೊರಟಾಗ ನನಗೂ ಕುಂಕುಮ ಹಚ್ಚಿದಳು. ಲೆಕ್ಕ ಬಗೆಹರಿಯದಿದ್ದಾಗ ನನ್ನ ಮೂಲೆ ಕಚ್ಚಿದಳು. ಆ ಹಲ್ಲಿನ ಗುರುತು ಇಂದಿಗೂ ಇದೆ. ಪಾಸಾದ ಮೇಲೆ ಹೊಳೆ ದಾಟಿದವರಿಗೆ ಅಂಬಿಗನ ಹಂಗೇಕೆ? ಅವಳ ತಾಯಿ ನನ್ನಿಂದ ಒಲೆಗೆ ಗಾಳಿ ಹಾಕಿದರು, ನೀರಿನ ಕೊಡ ಮುಚ್ಚಿದರು. ಹೀಗೇ ಎಂಟು ವರ್ಷ ಕಳೆಯಿತು.

ಒಂದು ದಿನ ಸುವರ್ಣಾಳ ಅಕ್ಕ ದಾಕ್ಷಾಯಣಿ ಕೊಡದ ಮೇಲಿಂದ ನನ್ನನ್ನು ಎತ್ತಿ ದುಪಟ್ಟಾದಿಂದ ಒರೆಸಿದಳು. ಅವಳು ಊರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಐರ್ಲೆಂಡಿನ ಒಂದು ಆಸ್ಪತ್ರೆ ಕೆಲಸ ಕೊಡಲು ಒಪ್ಪಿತ್ತು, ಆದರೆ ಅದಕ್ಕೆ ನರ್ಸ್‌ಗಳ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಓದುವುದು, ಕೇಳುವುದು, ಮಾತಾಡುವುದು ಮೂರನ್ನೂ ಗೆದ್ದಿದ್ದಳು. ಪತ್ರ ಬರೆಯುವುದು ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲವೂ ತಪ್ಪಿದರೆ ಆ ಕೆಲಸ ಬೇರೆಯವರ ಪಾಲು.

ಪರೀಕ್ಷೆಯಲ್ಲಿ ರೋಗಿಯೊಬ್ಬನ ವಿವರವನ್ನು ಪುಟಗಟ್ಟಲೆ ಕೊಡುತ್ತಾರೆ. ಅದನ್ನು ಓದಿ, ಮುಂದೆ ಅವನನ್ನು ನೋಡಿಕೊಳ್ಳುವ ಡಾಕ್ಟರಿಗೋ ನರ್ಸಿಗೋ ನಲವತ್ತು ನಿಮಿಷದಲ್ಲಿ ಒಂದು ಪುಟದ ಪತ್ರ ಬರೆಯಬೇಕು. ದಾಕ್ಷಾಯಣಿ ಡ್ಯೂಟಿ ಮುಗಿಸಿ, ವಾರ್ಡಿನ ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು, ಮಂಡಿಯ ಮೇಲೆ ನನ್ನನ್ನಿಟ್ಟು ಅಭ್ಯಾಸ ಮಾಡುತ್ತಿದ್ದಳು. ಅವಳದು ಒತ್ತಿ ಬರೆಯುವ ಕೈ. ಅಕ್ಷರ ಹಾಳೆ ದಾಟಿ ನನ್ನ ಮೈಮೇಲೆ ಮೂಡುತ್ತಿತ್ತು. ಹಾಗಾಗಿ ಅವಳ ತಪ್ಪು ಎಲ್ಲರಿಗಿಂತ ಮೊದಲು ನನಗೆ ತಿಳಿಯಿತು. ಅವಳು ಏನನ್ನೂ ಬಿಡುತ್ತಿರಲಿಲ್ಲ. ಮೊಣಕಾಲಿನ ಆಪರೇಷನ್ ಆದ ಮುದುಕನ ಪತ್ರದಲ್ಲಿ ಮೂವತ್ತು ವರ್ಷ ಹಿಂದಿನ ಕಾಮಾಲೆ ಬಂತು, ಹೆಂಡತಿಯ ತವರೂರು ಬಂತು, ಸಾಕಿದ ನಾಯಿಯೂ ಬಂತು. ಹೊಲಿಗೆ ಬಿಚ್ಚುವ ದಿನ ಬರೆಯುವ ಮೊದಲೇ ಹೊತ್ತು ಮುಗಿದುಹೋಯಿತು.

ಅವಳನ್ನು ಬೈಯುವಂತೆಯೂ ಇರಲಿಲ್ಲ. ವರದಿ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಮಾಡದೆ ಬಿಟ್ಟಂತೆ ಎಂಬುದು ವಾರ್ಡಿನ ಮೊದಲ ಪಾಠ. ಕೆಲಸಕ್ಕೆ ಸೇರಿದ ವರ್ಷ ಒಂದೇ ಒಂದು ಸಾಲು ಬಿಟ್ಟಿದ್ದಕ್ಕೆ ಹೆಡ್ ಸಿಸ್ಟರ್ ಎಲ್ಲರೆದುರು ಅವಳ ನೀರಿಳಿಸಿದ್ದರು. ಅಂದಿನಿಂದ ಬಿಡುವುದೆಂದರೆ ಅವಳಿಗೆ ಭಯ.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ಸೀರೆ ಬದಲಿಸಲು ಬಂದ ಮುದಿ ಆಯಾ ದ್ಯಾಮವ್ವ ಅದನ್ನು ಕಂಡಳು.

"ಯಾಕ್ರಿ ಸಿಸ್ಟರ್, ಏನಾತು?"

"ಎಷ್ಟ ಬರದ್ರೂ ಮುಗೀವಲ್ದು ದ್ಯಾಮವ್ವ. ಯಾವದು ಬಿಡಬೇಕು ತಿಳೀವಲ್ದು. ಮುದುಕನ ನಾಯಿ ಸುದ್ದಿ ಸೈತ ಬರದೀನಿ."

ದ್ಯಾಮವ್ವ ಅಡಿಕೆ ಬಾಯಿಗೆ ಹಾಕಿಕೊಂಡಳು. "ದಿನಾ ಡ್ಯೂಟಿ ಬದಲಾಗೂ ಮುಂದ ಹಾಸಿಗಿ ಬಾಜೂಕ ನಿಂತು, ಬರೂ ಸಿಸ್ಟರ್‌ಗೆ ಎರಡ ಮಾತಿನ್ಯಾಗ ಒಪ್ಪಿಸಿ ಹೊಕ್ಕೀರಿ. ಇವಂಗ ಹಿಂಗಾಗೈತಿ, ನೀ ಇದನ್ನ ಮಾಡು, ಇದರ ಮ್ಯಾಲ ಕಣ್ಣಿಡು ಅಂತ. ಅವರಿಗೆ ನಾಯಿ ಸುದ್ದಿ ಹೇಳ್ತೀರೇನು? ಕಾಗದ ಹಿಡದ್ರ ಮಾತ್ರ ಯಾಕ ಪುರಾಣ ಹಚ್ತೀರಿ?"

ಗಂಟಿಕ್ಕಿದ ಹುಬ್ಬು ಸಡಿಲವಾದದ್ದು ಕೆಳಗಿದ್ದ ನನಗೆ ಚೆನ್ನಾಗಿ ಕಂಡಿತು. "ಕುಂದರು ದ್ಯಾಮವ್ವ," ಎಂದಳು ದಾಕ್ಷಾಯಣಿ. "ಈ ಮುದುಕನ್ನ ನಿನಗ ಒಪ್ಪಸ್ತೀನಿ, ಕೇಳು."

ಮೊದಲು ಬಾಯಲ್ಲಿ ಒಪ್ಪಿಸಿದಳು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು. ಮೂವತ್ತೈದು ನಿಮಿಷಕ್ಕೆ ಪೆನ್ನು ಕೆಳಗಿಟ್ಟಳು. ನಾಯಿ ಹೊರಗೇ ಉಳಿಯಿತು. ಹದಿನೈದು ದಿನ ಹೀಗೇ ದಿನಕ್ಕೊಬ್ಬ ರೋಗಿ ದ್ಯಾಮವ್ವನ ಕೈಸೇರಿದ.

ಪರೀಕ್ಷೆ ಬೆಂಗಳೂರಿನಲ್ಲಿ. ಒಳಗೆ ಸ್ವಂತ ಸಾಮಾನು ಬಿಡುವುದಿಲ್ಲವೆಂದು ನನ್ನನ್ನು ಚೀಲದೊಂದಿಗೆ ಹೊರಗಿಟ್ಟರು. ಅಷ್ಟು ಗೀರು ತಿಂದವನಿಗೆ ಯುದ್ಧದ ದಿನ ಬಾಗಿಲಾಚೆ ಜಾಗ! ನನಗೆ ಸಿಟ್ಟು ಬಂದದ್ದು ನಿಜ. ಹೊರಬಂದವಳು ಚೀಲ ಎತ್ತಿಕೊಂಡು ತಂಗಿಗೆ ಫೋನ್ ಮಾಡಿದಳು: "ಎದುರಿಗೆ ದ್ಯಾಮವ್ವ ಕುಂತಾಳ ಅಂತ ತಿಳಕೊಂಡು ಬರದ್ನಿ ಸುವರ್ಣಾ. ಇನ್ನೂ ಮೂರು ನಿಮಿಷ ಉಳೀತು." ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಫಲಿತಾಂಶ ಬಂದಾಗ ಅವಳು ಅದೇ ಕೋಣೆಯಲ್ಲಿದ್ದಳು. ಫೋನ್ ನೋಡಿದವಳೇ ನನ್ನನ್ನು ಎದೆಗೆ ಒತ್ತಿಕೊಂಡು ವಾರ್ಡಿಗೆ ಓಡಿದಳು. ಆ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂಬುದು ನನಗೊಬ್ಬನಿಗೇ ಗೊತ್ತು.

"ಪಾಸಾದ್ರೇನ್ರಿ?" ಎಂದಳು ದ್ಯಾಮವ್ವ.

"ಇಬ್ರೂ ಪಾಸಾದ್ವಿ ದ್ಯಾಮವ್ವ."

ಅಂದು ಇಡೀ ವಾರ್ಡಿಗೆ ಪೇಡೆ ಹಂಚಿದವರು ಹೆಡ್ ಸಿಸ್ಟರೇ.

ಈಗ ನನಗೆ ವಯಸ್ಸಾಗಿದೆ. ಕ್ಲಿಪ್ಪಿಗೆ ತುಕ್ಕು, ಅಂಚಿಗೆ ಬಿರುಕು. ಐರ್ಲೆಂಡಿಗೆ ಹೊರಟ ದಿನ ದಾಕ್ಷಾಯಣಿ ನನ್ನನ್ನು ಆ ಕೋಣೆಯ ಮೊಳೆಗೆ ತೂಗುಹಾಕಿ ಹೋದಳು. ಮೂಲೆಗೆ ಬಿದ್ದೆನೆಂದು ಮರುಗಬೇಡಿ. ಆಮೇಲೆ ನನ್ನ ಮೇಲೆ ಬರೆದ ನಾಲ್ವರು ನರ್ಸ್‌ಗಳು ಪಾಸಾಗಿದ್ದಾರೆ. ಹೊಸಬಳೊಬ್ಬಳು ಹೆದರುತ್ತ ಪೆನ್ನು ಹಿಡಿದು ಕೂತರೆ, ಒಂದಕ್ಷರವೂ ಓದಲು ಬಾರದ ದ್ಯಾಮವ್ವ ನನ್ನನ್ನು ಮೊಳೆಯಿಂದ ಇಳಿಸಿ ಅವಳ ಮಂಡಿಯ ಮೇಲಿಡುತ್ತಾಳೆ. ಆಮೇಲೆ ಸ್ಟೂಲು ಎಳೆದುಕೊಂಡು ಎದುರು ಕೂತು, ಅಡಿಕೆ ಬಾಯಿಗೆ ಹಾಕಿ ಕೇಳುತ್ತಾಳೆ:

"ಹೂಂ, ಒಪ್ಪಸ್ರಿ ಸಿಸ್ಟರ್. ಇವತ್ತ ಯಾರು?"